ಕೊನೆಯ ಗದ್ದೆಗೆ ನೀರು: ಬೆಳವಣಿಗೆ, ಸಮಾನತೆ ಮತ್ತು ಪರಿಸರ ಕುರಿತು ಒಂದು ಉಪನ್ಯಾಸ

ಎಲ್ಲರಿಗೂ ನಮಸ್ಕಾರ.

ಅಭಿವೃದ್ಧಿಶೀಲ ದೇಶಗಳು ಆರ್ಥಿಕ ಬೆಳವಣಿಗೆ, ಸಾಮಾಜಿಕ ಸಮಾನತೆ, ಪರಿಸರ ರಕ್ಷಣೆ ಈ ಮೂರನ್ನೂ ಒಟ್ಟಿಗೆ ನಿಭಾಯಿಸುವುದು ಹೇಗೆ ಎಂಬುದರ ಬಗ್ಗೆ ಮಾತಾಡಿ ಅಂತ ಸಂಘಟಕರು ಕೇಳಿದ್ದಾರೆ. ವಿಷಯ ತುಂಬಾ ದೊಡ್ಡದು. ಹಾಗಾಗಿ ಒಂದು ಸಣ್ಣ ಕಾಲುವೆಯಿಂದ ಶುರು ಮಾಡುತ್ತೇನೆ.

ನೇಪಾಳದ ಬೆಟ್ಟಗಾಡಿನಲ್ಲಿ ರೈತರು ತಾವೇ ಕಟ್ಟಿಕೊಂಡು, ತಾವೇ ನಡೆಸಿಕೊಂಡು ಬಂದ ಸಾವಿರಾರು ಕಾಲುವೆಗಳಿವೆ. ಕಲ್ಲು, ಮರದ ಕೊಂಬೆ, ಮಣ್ಣು ಸೇರಿಸಿ ಹೊಳೆಗೆ ಅಡ್ಡಲಾಗಿ ಒಡ್ಡು ಹಾಕುತ್ತಾರೆ. ನೀರು ಅಲ್ಲಿಂದ ತಿರುಗಿ ಗದ್ದೆಗಳಿಗೆ ಹರಿಯುತ್ತದೆ. ಮಳೆಗಾಲದಲ್ಲಿ ಹೊಳೆ ಉಕ್ಕಿತೆಂದರೆ ಒಡ್ಡು ಕೊಚ್ಚಿಹೋಗುತ್ತದೆ. ಮತ್ತೆ ಊರವರೆಲ್ಲ ಸೇರಿ ಕಟ್ಟಬೇಕು. ಹೊರಗಿನಿಂದ ಬಂದು ನೋಡುವ ಎಂಜಿನಿಯರಿಗೆ ಇದು ದಂಡದ ದುಡಿಮೆ ಅನ್ನಿಸುವುದು ಸಹಜ. ಒಂದು ಸಲ ಕಾಂಕ್ರೀಟ್ ಹಾಕಿಬಿಟ್ಟರೆ ಮುಗಿಯಿತಲ್ಲ! ಸರ್ಕಾರವೂ ವಿದೇಶಿ ನೆರವಿನ ಸಂಸ್ಥೆಗಳೂ ಹಣ ಹಾಕಿ ಎಷ್ಟೋ ಕಡೆ ಹಾಗೆಯೇ ಕಟ್ಟಿಕೊಟ್ಟವು.

ಮುಂದೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಮತ್ತು ಅವರ ಸಂಗಡಿಗರು ಇಂಥ ನೂರಕ್ಕೂ ಹೆಚ್ಚು ಕಾಲುವೆಗಳ ಮಾಹಿತಿಯನ್ನು ಕಲೆಹಾಕಿ ಹೋಲಿಸಿ ನೋಡಿದರು. ಇಲಾಖೆ ನಡೆಸುವ ಪಕ್ಕಾ ಕಾಲುವೆಗಳಿಗಿಂತ ರೈತರೇ ನಡೆಸುವ ಕಚ್ಚಾ ಕಾಲುವೆಗಳಲ್ಲಿ ಕೊನೆಯ ಗದ್ದೆಗೆ ನೀರು ಹೆಚ್ಚು ಖಾತ್ರಿಯಾಗಿ ತಲುಪುತ್ತಿತ್ತು. ಬೆಳೆಯೂ ಅಲ್ಲೇ ಹೆಚ್ಚು.

ಯಾಕೆ ಹೀಗೆ? ಕಲ್ಲು ಮಣ್ಣಿನ ಒಡ್ಡು ವರ್ಷ ವರ್ಷ ಒಡೆಯುತ್ತದೆ. ಅದನ್ನು ಮತ್ತೆ ಎಬ್ಬಿಸಲು ಕಾಲುವೆಯ ಮೇಲ್ಭಾಗದವರ ಆಳುಬಲವೊಂದೇ ಸಾಲದು. ಕೊನೆ ಭಾಗದ ರೈತರೂ ಬಂದು ಕಲ್ಲು ಹೊರಬೇಕು, ಹೂಳು ತೆಗೆಯಬೇಕು. ಅವರು ಬರಬೇಕಾದರೆ ಅವರ ಗದ್ದೆಗೂ ನೀರು ಹೋಗಬೇಕು. ಈ ವರ್ಷ ನೀರು ಬಿಡದಿದ್ದರೆ ಮುಂದಿನ ವರ್ಷ ಅವರು ಬರುವುದಿಲ್ಲ, ಒಡ್ಡು ಏಳುವುದಿಲ್ಲ, ಮೇಲಿನವರ ಗದ್ದೆಯೂ ಒಣಗುತ್ತದೆ. ಕಾಂಕ್ರೀಟ್ ಬಂದ ಮೇಲೆ ಮೇಲಿನವರಿಗೆ ಕೆಳಗಿನವರ ಹಂಗು ಉಳಿಯಲಿಲ್ಲ. ಒಡ್ಡು ಗಟ್ಟಿಯಾಯಿತು, ಊರಿನೊಳಗಿನ ಒಪ್ಪಂದ ಸಡಿಲವಾಯಿತು.

ಇದನ್ನು ಕೇಳಿ ಕಾಂಕ್ರೀಟ್ ಕೆಟ್ಟದ್ದು ಅಂತ ತೀರ್ಮಾನಿಸಬೇಡಿ. 1980ರ ದಶಕದ ನಡುವೆ ಇದೇ ನೇಪಾಳದ ಸಿಂಧುಪಾಲ್ಚೋಕ್ ಜಿಲ್ಲೆಯಲ್ಲಿ 19 ಕಾಲುವೆಗಳನ್ನು ಸುಧಾರಿಸುವ ಯೋಜನೆಯೊಂದು ನಡೆಯಿತು. ಅಲ್ಲಿ ಎಲ್ಲಿ ಏನು ದುರಸ್ತಿ ಆಗಬೇಕು ಅನ್ನುವುದನ್ನು ರೈತರ ಜೊತೆ ಕೂತು ತೀರ್ಮಾನಿಸಿದರು. ಚೆನ್ನಾಗಿ ನಡೆಯುತ್ತಿದ್ದ ಬೇರೆ ಕಾಲುವೆಗಳಿಗೆ ರೈತರನ್ನು ಕರೆದುಕೊಂಡು ಹೋಗಿ, ಅಲ್ಲಿನ ರೈತರಿಂದಲೇ ಪಾಠ ಹೇಳಿಸಿದರು. ಸಂಶೋಧಕರು ಹಲವು ವರ್ಷ ಬಿಟ್ಟು ಮತ್ತೆ ಮತ್ತೆ ಹೋಗಿ ನೋಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ಕಟ್ಟಡದಿಂದ ಸಿಕ್ಕ ಲಾಭ ಕಾಲ ಕಳೆದಂತೆ ಇಳಿದಿತ್ತು. ಎಲ್ಲಿ ರೈತರು ತಮ್ಮದೇ ನಿಯಮ ಮಾಡಿಕೊಂಡು, ತಪ್ಪಿದವರಿಗೆ ದಂಡ ಹಾಕಿ, ಒಟ್ಟಾಗಿ ದುಡಿದಿದ್ದರೋ ಅಲ್ಲಿ ಮಾತ್ರ ಆ ಲಾಭ ಉಳಿದಿತ್ತು.

ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಬೆಳವಣಿಗೆ, ಸಮಾನತೆ, ಪರಿಸರ ಮೂರನ್ನೂ ಸರಿದೂಗಿಸಬೇಕು ಅನ್ನುವಾಗ ಸಾಮಾನ್ಯವಾಗಿ ಸಮಾನತೆಯನ್ನು ಕೊನೆಗೆ ಇಡುತ್ತೇವೆ. ಮೊದಲು ಸಂಪತ್ತು ಬರಲಿ, ಅದರಲ್ಲಿ ಸ್ವಲ್ಪ ಪರಿಸರಕ್ಕೆ ಖರ್ಚು ಮಾಡೋಣ, ಉಳಿದದ್ದನ್ನು ಬಡವರಿಗೆ ಹಂಚೋಣ ಅನ್ನುವ ಲೆಕ್ಕ. ಈ ಕ್ರಮವೇ ತಲೆಕೆಳಗು ಅನ್ನುವುದು ನನ್ನ ವಾದ. ಒಂದು ಯೋಜನೆಯಿಂದ ನಷ್ಟ ಯಾರಿಗಾಗುತ್ತದೋ ಅವರ ಕೈಯಲ್ಲಿ ಒಂದಿಷ್ಟು ಹಿಡಿತ ಇರಬೇಕು. ಆ ಹಿಡಿತ ಇಲ್ಲದ ಕಡೆ ಕಾಡೂ ಉಳಿಯುವುದಿಲ್ಲ, ಬೆಳವಣಿಗೆಯೂ ಬಹಳ ದಿನ ನಿಲ್ಲುವುದಿಲ್ಲ.

ಇದು ನಾನು ಹೊಸದಾಗಿ ಹುಡುಕಿದ ಮಾತೇನಲ್ಲ. 1987ರಲ್ಲಿ ನಾರ್ವೆಯ ಗ್ರೊ ಹಾರ್ಲೆಮ್ ಬ್ರುಂಟ್‌ಲಾಂಡ್ ಅಧ್ಯಕ್ಷತೆಯ ವಿಶ್ವಸಂಸ್ಥೆಯ ಆಯೋಗ ಸುಸ್ಥಿರ ಅಭಿವೃದ್ಧಿಗೆ ಕೊಟ್ಟ ವ್ಯಾಖ್ಯಾನ ಎಲ್ಲರಿಗೂ ಬಾಯಿಪಾಠ: ಮುಂದಿನ ಪೀಳಿಗೆಗಳ ಅಗತ್ಯಗಳಿಗೆ ಕುತ್ತು ತರದೆ ಇಂದಿನ ಅಗತ್ಯಗಳನ್ನು ಪೂರೈಸಿಕೊಳ್ಳುವುದು. ಆದರೆ ಆ ವಾಕ್ಯದ ಬೆನ್ನಿಗೇ ಇನ್ನೊಂದು ಮಾತಿದೆ. ಅಗತ್ಯ ಎಂದರೆ ಮುಖ್ಯವಾಗಿ ಜಗತ್ತಿನ ಬಡವರ ಮೂಲಭೂತ ಅಗತ್ಯ, ಎಲ್ಲಕ್ಕಿಂತ ಮೊದಲ ಆದ್ಯತೆ ಅದಕ್ಕೆ ಸಿಗಬೇಕು ಎಂದು ಆಯೋಗ ಬಿಡಿಸಿ ಹೇಳಿತ್ತು. ಭಾಷಣಗಳಲ್ಲಿ, ಕಂಪನಿಗಳ ವಾರ್ಷಿಕ ವರದಿಗಳಲ್ಲಿ ಮೊದಲ ವಾಕ್ಯ ಉಳಿಯಿತು. ಎರಡನೆಯದು ಎಲ್ಲೋ ಬಿದ್ದುಹೋಯಿತು. ನನಗೆ ಇದು ಸಣ್ಣ ಮರೆವು ಅನ್ನಿಸುವುದಿಲ್ಲ.

ಅದಕ್ಕೂ ಮೊದಲು, 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಮೊದಲ ವಿಶ್ವ ಪರಿಸರ ಸಮ್ಮೇಳನಕ್ಕೆ ಆತಿಥೇಯ ಸ್ವೀಡನ್ನಿನ ಪ್ರಧಾನಿಯನ್ನು ಬಿಟ್ಟರೆ ಸರ್ಕಾರದ ಮುಖ್ಯಸ್ಥರಾಗಿ ಬಂದವರು ಇಂದಿರಾ ಗಾಂಧಿ ಒಬ್ಬರೇ. ಬಡತನ ಮತ್ತು ಕೊರತೆಯೇ ಅತಿ ದೊಡ್ಡ ಮಾಲಿನ್ಯಕಾರಕಗಳಲ್ಲವೇ ಎಂದು ಅವರು ಕೇಳಿದ್ದರು. ಬಡವರೇ ಪರಿಸರ ಹಾಳುಮಾಡುತ್ತಾರೆ ಅನ್ನುವವರು ಆಮೇಲೆ ಈ ಮಾತನ್ನು ಧಾರಾಳವಾಗಿ ಬಳಸಿಕೊಂಡರು. ಇಂದಿರಾ ಅವರ ಭಾಷಣವನ್ನು ಪೂರ್ತಿ ಓದಿದರೆ ಅರ್ಥ ಬೇರೆ. ಬದುಕಿಗೆ ಬೇರೆ ದಾರಿ ಕೊಡದೆ, ಕಾಡಿನಂಚಿನ ಜನಕ್ಕೆ ಕಾಡು ಮುಟ್ಟಬೇಡಿ ಅಂತ ಹೇಳುವ ಹಕ್ಕು ನಮಗಿಲ್ಲ ಅನ್ನುವುದು ಅಲ್ಲಿನ ಕಾಳಜಿ.

ಈಗ ಬಹಳ ಜನ ನಂಬಿರುವ ಒಂದು ವಾದಕ್ಕೆ ಬರುತ್ತೇನೆ. 'ಮೊದಲು ಬೆಳೆಯೋಣ, ಆಮೇಲೆ ತೊಳೆಯೋಣ.' ಶ್ರೀಮಂತ ದೇಶಗಳೆಲ್ಲ ಹೀಗೇ ಮಾಡಿದವು, ಜಪಾನ್ ನೋಡಿ ಅನ್ನುತ್ತಾರೆ. ನೋಡೋಣ. ಜಪಾನಿನ ಮಿನಾಮಾಟ ಕೊಲ್ಲಿಯ ದಡದಲ್ಲಿ ಚಿಸ್ಸೊ ಎಂಬ ರಾಸಾಯನಿಕ ಕಾರ್ಖಾನೆ ಇತ್ತು. ಅದರ ಕೊಳಚೆಯಲ್ಲಿದ್ದ ಪಾದರಸ ಮೀನಿಗೆ ಸೇರಿತು, ಮೀನಿನಿಂದ ಮನುಷ್ಯರಿಗೆ ಬಂತು. ಮೊದಲು ಬೆಕ್ಕುಗಳು ಹುಚ್ಚು ಹಿಡಿದಂತೆ ಕುಣಿದು ಸತ್ತವು. ಆಮೇಲೆ ಮೀನುಗಾರರ ಮನೆಗಳಲ್ಲಿ ಕೈಕಾಲು ಸೆಟೆದು, ಮಾತು ತೊದಲಿ, ದೃಷ್ಟಿ ಕುಗ್ಗಿದ ರೋಗಿಗಳು ಕಾಣಿಸಿಕೊಂಡರು. ಕಾಯಿಲೆ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ. ಸಾವಯವ ಪಾದರಸವೇ ಕಾರಣ ಎಂದು ಕುಮಮೊಟೊ ವಿಶ್ವವಿದ್ಯಾಲಯದ ವೈದ್ಯರು 1959ರಲ್ಲೇ ಬೆರಳು ತೋರಿಸಿದರು. ಸರ್ಕಾರ ಒಪ್ಪಿಕೊಂಡದ್ದು 1968ರಲ್ಲಿ, ಕಾರ್ಖಾನೆ ಆ ತಯಾರಿಕಾ ವಿಧಾನವನ್ನು ಕೈಬಿಟ್ಟ ಮೇಲೆ. ಈ ನಡುವೆ, 1965ರಲ್ಲಿ, ನೀಗಾಟದಲ್ಲಿ ಇನ್ನೊಂದು ಕಾರ್ಖಾನೆಯಿಂದ ಇದೇ ರೋಗ ಎದ್ದಿತ್ತು.

ವಿಜ್ಞಾನ ಗೊತ್ತಿಲ್ಲದೆ ತಡವಾದದ್ದಲ್ಲ ಇದು. ಸಾಯುತ್ತಿದ್ದವರು ಬಡ ಮೀನುಗಾರರು, ಕಾರ್ಖಾನೆ ಊರಿಗೆಲ್ಲ ಕೆಲಸ ಕೊಡುವ ಧಣಿ. ಊರವರೇ ರೋಗಿಗಳನ್ನು ದೂರ ಇಟ್ಟರು. ಆಮೇಲೆ 'ತೊಳೆದದ್ದು' ಹೇಗೆ ಗೊತ್ತೇ? ಕೊಲ್ಲಿಯ ತಳದ ಪಾದರಸದ ಕೆಸರನ್ನು ಎತ್ತಿ, ಒಂದು ಭಾಗವನ್ನು ಮುಚ್ಚಿ ನೆಲ ಮಾಡುವ ಕೆಲಸ 1977ರಲ್ಲಿ ಶುರುವಾಗಿ 1990ರವರೆಗೆ ನಡೆಯಿತು. ತಾಯಿಯ ಗರ್ಭದಲ್ಲೇ ಪಾದರಸ ತಗುಲಿದ ಮಕ್ಕಳನ್ನು ಯಾವ ನೀರಿನಲ್ಲಿ ತೊಳೆಯುವುದು? ಮೊದಲು ಬೆಳೆದು ಆಮೇಲೆ ತೊಳೆಯುವ ದಾರಿ ಅಗ್ಗದ್ದು ಅಂತ ಯಾರಾದರೂ ಹೇಳಿದರೆ, ಲೆಕ್ಕದಲ್ಲಿ ಯಾರನ್ನು ಬಿಟ್ಟಿದ್ದೀರಿ ಅಂತ ಕೇಳಬೇಕು.

ಲೆಕ್ಕದ ಮಾತು ಬಂತಲ್ಲ. ಜಿಡಿಪಿಯಲ್ಲಿ ಮರ ಕಡಿದು ಮಾರಿದರೆ ಆದಾಯ, ಕಾಡು ಹೋದದ್ದಕ್ಕೆ ಕಳೆಯುವ ಕಾಲಂ ಇಲ್ಲ. 1989ರಲ್ಲಿ ರಾಬರ್ಟ್ ರೆಪೆಟ್ಟೊ ಎಂಬ ಅರ್ಥಶಾಸ್ತ್ರಜ್ಞ ಇಂಡೊನೇಷ್ಯಾದ ಲೆಕ್ಕವನ್ನು ಮತ್ತೆ ಬರೆದು ನೋಡಿದ. 1971ರಿಂದ 1984ರವರೆಗೆ ಆ ದೇಶದ ಜಿಡಿಪಿ ವರ್ಷಕ್ಕೆ ಸರಾಸರಿ ಶೇ. 7.1ರಂತೆ ಬೆಳೆದಿತ್ತು. ಕರಗಿದ ಕಾಡು, ತೆಗೆದ ತೈಲ, ಕೊಚ್ಚಿಹೋದ ಮೇಲ್ಮಣ್ಣು ಈ ಮೂರನ್ನು ಕಳೆದಾಗ ಉಳಿದದ್ದು ಶೇ. 4. ಮನೆಯ ತೊಲೆಯನ್ನು ಕಿತ್ತು ಮಾರಿ ಬಂದ ಹಣವನ್ನು ಸಂಬಳ ಅಂತ ಬರೆದುಕೊಂಡ ಹಾಗೆ.

ಈ ಹಾದಿಯ ಕೊನೆ ಹೇಗಿರುತ್ತದೆ ಎಂದು ನೋಡಬೇಕಾದರೆ ನೌರು ದ್ವೀಪವನ್ನು ನೋಡಬೇಕು. ಪೆಸಿಫಿಕ್ ಸಾಗರದ ನಡುವೆ ಬರೀ 21 ಚದರ ಕಿಲೋಮೀಟರಿನ ದೇಶ ಅದು. ನೆಲದ ತುಂಬ ಒಳ್ಳೆಯ ದರ್ಜೆಯ ಫಾಸ್ಫೇಟ್. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಗಣಿಗಾರಿಕೆ ಶುರುವಾಯಿತು. ಆ ಗೊಬ್ಬರ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಹೊಲಗಳನ್ನು ಹಸಿರಾಗಿಸಿತು. 1968ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ನೌರು ಜನರೇ ಗಣಿ ಕೊಂಡುಕೊಂಡರು, ಕೆಲವು ಕಾಲ ಜಗತ್ತಿನ ಅತಿ ಹೆಚ್ಚು ತಲಾ ಆದಾಯದ ದೇಶಗಳಲ್ಲಿ ಒಂದಾದರು. ಶತಮಾನ ಮುಗಿಯುವ ಹೊತ್ತಿಗೆ ಫಾಸ್ಫೇಟ್ ಹೆಚ್ಚುಕಡಿಮೆ ಖಾಲಿ. ದ್ವೀಪದ ಶೇ. 80ರಷ್ಟು ನೆಲ ಸುಣ್ಣಕಲ್ಲಿನ ಚೂಪು ಕಂಬಗಳ ಬೀಳು. ಅಲ್ಲಿ ಬೇಸಾಯ ಮಾಡಲಾಗದು, ಮನೆ ಕಟ್ಟಲಾಗದು. ಜನರೆಲ್ಲ ಕರಾವಳಿಯ ಕಿರುಪಟ್ಟಿಯಲ್ಲಿ ಒತ್ತೊತ್ತಾಗಿದ್ದಾರೆ. ಸ್ವಾತಂತ್ರ್ಯಕ್ಕೆ ಮುಂಚೆ ಹಾಳಾದ ನೆಲಕ್ಕಾಗಿ ನೌರು 1989ರಲ್ಲಿ ಆಸ್ಟ್ರೇಲಿಯಾವನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆಯಿತು. 1993ರಲ್ಲಿ ರಾಜಿಯಾಗಿ ಪರಿಹಾರವೂ ಸಿಕ್ಕಿತು. 2001ರಿಂದ ಆ ದ್ವೀಪದ ಆದಾಯದ ಮುಖ್ಯ ಮೂಲಗಳಲ್ಲಿ ಒಂದು, ಆಸ್ಟ್ರೇಲಿಯಾಕ್ಕೆ ಆಶ್ರಯ ಕೇಳಿ ಬಂದವರನ್ನು ಕೂಡಿಡುವ ಶಿಬಿರ.

ಇದಕ್ಕೆ ಎದುರಾಗಿ ಬೋಟ್ಸ್‌ವಾನಾವನ್ನು ಒಳ್ಳೆಯ ಉದಾಹರಣೆಯಾಗಿ ಕೊಡುವುದುಂಟು. 1966ರಲ್ಲಿ ಸ್ವತಂತ್ರವಾದಾಗ ಜಗತ್ತಿನ ಕಡುಬಡ ದೇಶಗಳಲ್ಲಿ ಅದೂ ಒಂದು. ಮರುವರ್ಷವೇ ಒರಾಪಾದಲ್ಲಿ ವಜ್ರ ಸಿಕ್ಕಿತು. ವಜ್ರದ ಹಣವನ್ನು ಅದು ಶಾಲೆ, ರಸ್ತೆ, ಆಸ್ಪತ್ರೆಗಳಿಗೆ ಹಾಕಿತು, ಪುಲಾ ನಿಧಿ ಎಂಬ ಉಳಿತಾಯವನ್ನೂ ಮಾಡಿತು. ಮೆಚ್ಚಲೇಬೇಕು. ಆದರೆ ಅದೇ ದೇಶದಲ್ಲಿ ಮಧ್ಯ ಕಲಹಾರಿ ಅಭಯಾರಣ್ಯದಿಂದ ಸಾನ್ ಬುಡಕಟ್ಟಿನವರನ್ನು 1997ರಲ್ಲಿ, ಮತ್ತೆ 2002ರಲ್ಲಿ ಹೊರಗೆ ಸಾಗಿಸಲಾಯಿತು. ವನ್ಯಜೀವಿ ರಕ್ಷಣೆ, ಅವರದೇ ಅಭಿವೃದ್ಧಿ ಅನ್ನುವುದು ಕೊಟ್ಟ ಕಾರಣ. ಅವರು ಕುಡಿಯುತ್ತಿದ್ದ ಕೊಳವೆಬಾವಿಯನ್ನೂ ಮುಚ್ಚಿದರು. ಹೊರಹಾಕಿದ್ದು ಕಾನೂನುಬಾಹಿರ ಎಂದು 2006ರ ಡಿಸೆಂಬರಿನಲ್ಲಿ ಹೈಕೋರ್ಟ್ ಹೇಳಿತು. ವಾಪಸ್ ಹೋದವರಿಗೆ ಆ ಮರಳುಗಾಡಿನಲ್ಲಿ ನೀರಿನ ಹಕ್ಕು ಸಿಗಲು 2011ರ ಮೇಲ್ಮನವಿಯ ತೀರ್ಪು ಬರಬೇಕಾಯಿತು. ಒಳ್ಳೆಯ ಆಡಳಿತವಿರುವ ದೇಶದಲ್ಲೂ, ಹಿಡಿತವಿಲ್ಲದವರ ಪಾಲಿಗೆ ಪರಿಸರದ ಹೆಸರೇ ಹೊರಗಟ್ಟುವ ನೆಪವಾಗಬಹುದು.

ಪರಿಸರದ ಪರ ಇರುವ ನಾವು ಇದನ್ನು ಪ್ರಾಮಾಣಿಕವಾಗಿ ನೋಡಬೇಕು. ಒಳ್ಳೆಯ ಉದ್ದೇಶ ಅನ್ಯಾಯದ ದಾರಿಯಲ್ಲಿ ಬಂದಾಗ ಉದ್ದೇಶವೇ ಸೋಲುತ್ತದೆ. 2021ರ ಮೇ ತಿಂಗಳಲ್ಲಿ ಶ್ರೀಲಂಕಾ ಸರ್ಕಾರ ರಾಸಾಯನಿಕ ಗೊಬ್ಬರ, ಕೀಟನಾಶಕಗಳ ಆಮದನ್ನು ಒಮ್ಮೆಗೇ ನಿಷೇಧಿಸಿತು. ಸಾವಯವ ಕೃಷಿಗೆ ಹೊರಳಬೇಕು ಎಂಬುದು ಘೋಷಣೆ, ವಿದೇಶಿ ವಿನಿಮಯದ ಬಿಕ್ಕಟ್ಟು ಹಿಂದಿನ ಒತ್ತಡ. ಇಡೀ ದೇಶದ ಹೊಲಗಳಿಗೆ ಸಾಲುವಷ್ಟು ಕಾಂಪೋಸ್ಟ್ ಎಲ್ಲಿಂದ ಬರಬೇಕು, ಮಣ್ಣು ಹೊಂದಿಕೊಳ್ಳುವ ವರ್ಷಗಳಲ್ಲಿ ಇಳುವರಿ ಬಿದ್ದರೆ ನಷ್ಟ ಯಾರು ಹೊರಬೇಕು ಅನ್ನುವ ಪ್ರಶ್ನೆಯನ್ನು ರೈತರ ಜೊತೆ ಕೂತು ಬಗೆಹರಿಸಲಿಲ್ಲ. ಭತ್ತದ ಇಳುವರಿ ಕುಸಿಯಿತು, ಅಕ್ಕಿಯಲ್ಲಿ ಸ್ವಾವಲಂಬಿಯಾಗಿದ್ದ ದೇಶ ಆಮದು ಮಾಡಿಕೊಂಡಿತು, ಟೀ ತೋಟಗಳಿಗೂ ಪೆಟ್ಟು ಬಿತ್ತು. ನವೆಂಬರಿನಲ್ಲಿ ನಿಷೇಧ ವಾಪಸ್. ಸಾವಯವ ಕೃಷಿಯ ಬಗ್ಗೆ ಅಲ್ಲಿನ ರೈತರ ಮನಸ್ಸಿನಲ್ಲಿ ಇನ್ನೆಷ್ಟು ವರ್ಷ ಕಹಿ ಉಳಿಯುತ್ತದೋ. ನನಗೆ ಹೆಚ್ಚು ನೋವು ಕೊಡುವುದು ಅದು.

ಪೆಟ್ರೋಲ್, ಡೀಸೆಲ್ ಸಬ್ಸಿಡಿಯ ವಿಷಯವೂ ಹಾಗೆಯೇ. ಇಂಧನ ಸಬ್ಸಿಡಿಯ ಹೆಚ್ಚು ಪಾಲು ಹೋಗುವುದು ಹೆಚ್ಚು ಇಂಧನ ಸುಡುವವರಿಗೆ, ಅಂದರೆ ಉಳ್ಳವರಿಗೆ. ತೆಗೆದುಹಾಕಿದರೆ ಖಜಾನೆಗೂ ಗಾಳಿಗೂ ಒಳ್ಳೆಯದು. ಆದರೆ ಹೇಗೆ ತೆಗೆಯುತ್ತೀರಿ? 2019ರ ಅಕ್ಟೋಬರಿನಲ್ಲಿ ಈಕ್ವಡಾರ್ ಸುಮಾರು ನಾಲ್ಕು ದಶಕದ ಸಬ್ಸಿಡಿಯನ್ನು ಒಂದೇ ಆದೇಶದಲ್ಲಿ ರದ್ದು ಮಾಡಿತು. ಸಾರಿಗೆ ನೌಕರರು, ಮೂಲನಿವಾಸಿ ಸಂಘಟನೆಗಳು ಬೀದಿಗಿಳಿದವು. ಎರಡು ವಾರದೊಳಗೆ ಆದೇಶ ವಾಪಸಾಯಿತು. ಇರಾನ್ 2010ರ ಡಿಸೆಂಬರಿನಲ್ಲಿ ಇದಕ್ಕಿಂತ ದೊಡ್ಡ ಏರಿಕೆ ಮಾಡಿತ್ತು. ಬೆಲೆ ಏರಿಸುವ ಮುಂಚೆಯೇ ಮನೆಮನೆಯ ಬ್ಯಾಂಕ್ ಖಾತೆಗೆ ತಲೆಗೆ ಇಂತಿಷ್ಟು ಅಂತ ನಗದು ಹಾಕಿತ್ತು. ಹಣ ಬಂದಿರುವುದು ಕಣ್ಣಿಗೆ ಕಾಣುತ್ತಿತ್ತು, ಬೆಲೆ ಏರಿದ ದಿನ ಅದನ್ನು ತೆಗೆದುಕೊಳ್ಳಬಹುದಿತ್ತು. ಆಗ ದೊಡ್ಡ ಗಲಭೆ ಆಗಲಿಲ್ಲ. ಮುಂದೆ ಹಣದುಬ್ಬರ ಆ ನಗದನ್ನು ನುಂಗಿಹಾಕಿತು, ಹಾಗಾಗಿ ಅದನ್ನು ಪೂರ್ತಿ ಗೆಲುವು ಎನ್ನಲಾರೆ. ಆದರೆ ಮೊದಲು ಕೊಟ್ಟು ಆಮೇಲೆ ಕೇಳುವುದಕ್ಕೂ, ಮೊದಲು ಕಿತ್ತುಕೊಂಡು ಆಮೇಲೆ ಕೊಡುತ್ತೇವೆ ಅನ್ನುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎಂದು ಅದು ತೋರಿಸಿತು. ಬಡವರು ಸರ್ಕಾರದ 'ಆಮೇಲೆ'ಯನ್ನು ಎಷ್ಟೋ ಸಲ ನೋಡಿದ್ದಾರೆ.

ಶ್ರೀಮಂತರಾಗುವ ತನಕ ಕಾಯಲೇಬೇಕು ಅನ್ನುವುದೂ ಸುಳ್ಳು. ಬಾಂಗ್ಲಾದೇಶವನ್ನು ನೋಡಿ. 1970ರ ನವೆಂಬರಿನ ಭೋಲಾ ಚಂಡಮಾರುತಕ್ಕೆ ಕಡಿಮೆಯೆಂದರೂ ಮೂರು ಲಕ್ಷ ಜನ ಸತ್ತರು. 1991ರಲ್ಲಿ ಸುಮಾರು 1 ಲಕ್ಷ 40 ಸಾವಿರ. 2007ರ ಸಿದ್ರ್ ಚಂಡಮಾರುತವೂ ಭೀಕರವೇ. ಸತ್ತವರು ಸುಮಾರು 3,400. ಈ ಅವಧಿಯುದ್ದಕ್ಕೂ ಅದು ಬಡದೇಶವೇ ಆಗಿತ್ತು. ಬದಲಾದದ್ದು ಏನೆಂದರೆ, ಹಳ್ಳಿಹಳ್ಳಿಯಲ್ಲೂ ತರಬೇತಾದ ಸ್ವಯಂಸೇವಕರು ಮೆಗಾಫೋನ್ ಹಿಡಿದು ಎಚ್ಚರಿಸುವ ವ್ಯವಸ್ಥೆ, ಕಂಬಗಳ ಮೇಲೆ ಎತ್ತರಕ್ಕೆ ಕಟ್ಟಿದ ಆಶ್ರಯತಾಣಗಳು, ದಂಡೆಯ ಒಡ್ಡುಗಳು. 1991ರಲ್ಲಿ ಗಂಡಸರಿಗಿಂತ ಹೆಂಗಸರು ಬಹಳ ಹೆಚ್ಚಾಗಿ ಸತ್ತಿದ್ದರು. ಎಚ್ಚರಿಕೆ ಗಂಡಸರ ಕಿವಿಗೆ ಬೀಳುತ್ತಿತ್ತು, ಮನೆ ಬಿಟ್ಟು ಹೋಗಲು ಹೆಂಗಸರು ಅವರ ಅಪ್ಪಣೆಗೆ ಕಾಯುತ್ತಿದ್ದರು. ಕಿಕ್ಕಿರಿದ ಆಶ್ರಯತಾಣದಲ್ಲಿ ಅವರಿಗೆ ಪ್ರತ್ಯೇಕ ಜಾಗವೂ ಇರಲಿಲ್ಲ. ಈಗ ಸ್ವಯಂಸೇವಕರಲ್ಲಿ ಅರ್ಧದಷ್ಟು ಹೆಂಗಸರಿದ್ದಾರೆ. ಆ ಬದಲಾವಣೆಗೆ ಜಿಡಿಪಿ ಎಷ್ಟಿರಬೇಕಿತ್ತು ಹೇಳಿ?

ಕಾಡಿನ ವಿಷಯಕ್ಕೆ ಬಂದರೆ ಎಲ್ಲರೂ ಕೋಸ್ಟರಿಕಾವನ್ನು ಹೆಸರಿಸುತ್ತಾರೆ. 1980ರ ದಶಕದಲ್ಲಿ ದೇಶದ ಕಾಲು ಭಾಗಕ್ಕೆ ಇಳಿದಿದ್ದ ಕಾಡು ಈಗ ಅರ್ಧಕ್ಕಿಂತ ಹೆಚ್ಚಿದೆ. 1996ರ ಅರಣ್ಯ ಕಾನೂನು ಕಾಡನ್ನು ಬೇರೆ ಬಳಕೆಗೆ ತಿರುಗಿಸುವುದನ್ನು ನಿಷೇಧಿಸಿತು. ಮರುವರ್ಷದಿಂದ ಕಾಡು ಉಳಿಸಿಕೊಂಡ ಜಮೀನುದಾರರಿಗೆ ಇಂಧನ ತೆರಿಗೆಯ ಒಂದು ಪಾಲಿನಿಂದ ಹಣ ಕೊಡಲಾರಂಭಿಸಿದರು. ಗೋಮಾಂಸದ ಬೆಲೆ ಬಿದ್ದು ಹುಲ್ಲುಗಾವಲಿನ ಆಸೆ ಕಡಿಮೆಯಾದದ್ದೂ ನೆರವಾಯಿತು. ಅದನ್ನು ಹೇಳದೆ ಹೊಗಳುವುದು ಸರಿಯಲ್ಲ. ಮೊದಮೊದಲು ಆ ಹಣ ಹೆಚ್ಚಾಗಿ ಹೋದದ್ದು ಕಾಗದಪತ್ರ ಸರಿ ಇದ್ದ ದೊಡ್ಡ ಹಿಡುವಳಿಯವರಿಗೆ. ಬಡ ಪ್ರದೇಶಗಳಿಗೆ ಆದ್ಯತೆ ಕೊಡುವ ತಿದ್ದುಪಡಿ ಆಮೇಲೆ ಬಂತು.

ನನಗೆ ಇದಕ್ಕಿಂತ ನೇಪಾಳದ ಸಮುದಾಯ ಅರಣ್ಯಗಳು ಹತ್ತಿರ. 1957ರಲ್ಲಿ ಅಲ್ಲಿ ಖಾಸಗಿ ಅರಣ್ಯಗಳನ್ನೆಲ್ಲ ಸರ್ಕಾರ ರಾಷ್ಟ್ರೀಕರಣ ಮಾಡಿತು. ನಿನ್ನೆಯವರೆಗೆ ತಮ್ಮದಾಗಿದ್ದ ಕಾಡು ಇಲಾಖೆಯದಾಯಿತು; ಜನ ಅದನ್ನು ಕಾಯುವುದನ್ನು ಬಿಟ್ಟರು, ಕಾಡು ಬೋಳಾಯಿತು. 1993ರ ಅರಣ್ಯ ಕಾಯ್ದೆ ಕಾಡಿನ ನಿರ್ವಹಣೆಯನ್ನು, ಉತ್ಪನ್ನ ಮಾರಿದ ಹಣವನ್ನು ಊರಿನ ಬಳಕೆದಾರರ ಗುಂಪುಗಳಿಗೆ ಕೊಟ್ಟಿತು. ಇವತ್ತು ಅಂಥ 22,000ಕ್ಕೂ ಹೆಚ್ಚು ಗುಂಪುಗಳಿವೆ. ಉಪಗ್ರಹ ಚಿತ್ರಗಳ ಪ್ರಕಾರ 1992ರಲ್ಲಿ ಶೇ. 26ರಷ್ಟಿದ್ದ ಕಾಡು 2016ಕ್ಕೆ ಶೇ. 45ಕ್ಕೆ ಏರಿತು. ದುಡಿಯುವ ವಯಸ್ಸಿನವರು ಹೊರದೇಶಗಳಿಗೆ ಹೋಗಿ ಹೊಲಗಳು ಬೀಳುಬಿದ್ದದ್ದೂ ಇದರಲ್ಲಿ ಸೇರಿದೆ.

ಆದರೆ 'ಊರಿನ ಗುಂಪು' ಅಂದ ತಕ್ಷಣ ನ್ಯಾಯ ಬಂತು ಅಂದುಕೊಳ್ಳುವ ಹಾಗಿಲ್ಲ. ಊರಿನೊಳಗೂ ಮೇಲು ಕೀಳು ಇದೆ. ಎಷ್ಟೋ ಗುಂಪುಗಳು ಅಧಿಕಾರ ಸಿಕ್ಕ ತಕ್ಷಣ ಮಾಡಿದ ಮೊದಲ ಕೆಲಸ ಕಾಡಿಗೆ ಬೀಗ ಹಾಕಿದ್ದು. ಸ್ವಂತ ಮರಗಳಿದ್ದ ಗಂಡಸರು ಕೂತು ಮಾಡಿದ ನಿಯಮ ಅದು. ಸೌದೆಗೆ ಮೈಲಿಗಟ್ಟಲೆ ನಡೆಯಬೇಕಾದದ್ದು ಜಮೀನಿಲ್ಲದ ಮನೆಯ ಹೆಂಗಸರು. ಭಾರತ ಮತ್ತು ನೇಪಾಳದ ಇಂಥ ಗುಂಪುಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಅವರು, ಕಾರ್ಯಕಾರಿ ಸಮಿತಿಯಲ್ಲಿ ಹೆಚ್ಚು ಮಹಿಳೆಯರಿದ್ದ ಕಡೆ ಕಾಡಿನ ಸ್ಥಿತಿಯೂ ಹೆಚ್ಚು ಸುಧಾರಿಸಿದ್ದನ್ನು ತೋರಿಸಿದ್ದಾರೆ. ಕಾಡಿಗೆ ದಿನಾ ಹೋಗುವವರಿಗೆ ಎಲ್ಲಿ ಏನು ಚಿಗುರುತ್ತಿದೆ, ಯಾರು ಎಲ್ಲಿ ಕಡಿಯುತ್ತಿದ್ದಾರೆ ಗೊತ್ತಿರುತ್ತದೆ. ನಿಯಮ ಮಾಡುವಾಗ ತಾವಿದ್ದರೆ ಅದನ್ನು ಪಾಲಿಸುತ್ತಾರೆ, ಬೇರೆಯವರಿಂದ ಪಾಲಿಸಿಸುತ್ತಾರೆ ಕೂಡ.

ಊರಿನೊಳಗಿನ ಈ ಮೇಲು ಕೀಳು ದೇಶಗಳ ನಡುವೆಯೂ ಇದೆ. 2007ರಲ್ಲಿ ಈಕ್ವಡಾರ್ ಅಧ್ಯಕ್ಷ ರಫಾಯೆಲ್ ಕೊರಿಯಾ ಜಗತ್ತಿನ ಮುಂದೆ ಒಂದು ಪ್ರಸ್ತಾಪ ಇಟ್ಟರು. ಅಮೆಜಾನ್‌ನ ಯಾಸುನಿ ರಾಷ್ಟ್ರೀಯ ಉದ್ಯಾನದ ಒಂದು ಭಾಗದ ಅಡಿಯಲ್ಲಿರುವ ತೈಲವನ್ನು ನಾವು ತೆಗೆಯುವುದಿಲ್ಲ. ನಮಗೆ ಆಗುವ ನಷ್ಟದ ಸುಮಾರು ಅರ್ಧ, ಅಂದರೆ 360 ಕೋಟಿ ಡಾಲರನ್ನು, ಜಗತ್ತು ಹಂಚಿಕೊಳ್ಳಲಿ. 2013ರ ಹೊತ್ತಿಗೆ ಕೈಗೆ ಬಂದದ್ದು ಬರೀ 1.3 ಕೋಟಿ ಡಾಲರ್. ಪ್ರಸ್ತಾಪ ಬಿದ್ದುಹೋಯಿತು, 2016ರಲ್ಲಿ ತೈಲ ತೆಗೆಯಲು ಶುರುವಾಯಿತು. ಮುಂದೆ 2023ರ ಆಗಸ್ಟಿನ ಜನಮತ ಸಂಗ್ರಹದಲ್ಲಿ ಸುಮಾರು ಶೇ. 59 ಮತದಾರರು ಅದನ್ನು ನಿಲ್ಲಿಸಿ ಎಂದರು. ಜಗತ್ತು ಕೊಡದ ಬೆಲೆಯನ್ನು ಆ ಬಡದೇಶದ ಜನ ತಾವೇ ತೆರಲು ಒಪ್ಪಿದರು.

ಶ್ರೀಮಂತ ದೇಶಗಳು ಹವಾಮಾನ ನೆರವಾಗಿ 2020ರ ವೇಳೆಗೆ ವರ್ಷಕ್ಕೆ 10,000 ಕೋಟಿ ಡಾಲರ್ ಕೊಡುತ್ತೇವೆ ಎಂದು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಾತು ಕೊಟ್ಟಿದ್ದವು. ಗುರಿ ಮುಟ್ಟಿದ್ದು ಎರಡು ವರ್ಷ ತಡವಾಗಿ, 2022ರಲ್ಲಿ. ಅದರಲ್ಲೂ ಸರ್ಕಾರಿ ಹಣದ ಸುಮಾರು ಮೂರನೇ ಎರಡು ಭಾಗ ಸಾಲ. ತಾನು ಮಾಡದ ಹಾನಿಯಿಂದ ಪಾರಾಗಲು ಬಡದೇಶ ಬಡ್ಡಿ ಕಟ್ಟಬೇಕು. 1992ರ ರಿಯೊ ಘೋಷಣೆ, ಹೊಣೆ ಎಲ್ಲರದು ಆದರೆ ಒಂದೇ ಪ್ರಮಾಣದ್ದಲ್ಲ ಎಂದು ಹೇಳಿದ್ದನ್ನು ಇಲ್ಲಿ ನೆನಪಿಸಿಕೊಳ್ಳಬೇಕು.

ಹಸಿರು ಇಂಧನದ ಹೊಸ ಓಟದಲ್ಲೂ ಹಳೆಯ ಕತೆ ಮರುಕಳಿಸುವ ಭಯ ನನಗಿದೆ. ಬ್ಯಾಟರಿಗೆ ಬೇಕಾದ ಕೋಬಾಲ್ಟ್‌ನಲ್ಲಿ ಸುಮಾರು ಶೇ. 70 ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದಿಂದ ಬರುತ್ತದೆ, ಅದರಲ್ಲಿ ಒಂದು ಭಾಗ ಗುದ್ದಲಿ ಹಿಡಿದು ಕೈಯಲ್ಲೇ ಅಗೆಯುವವರಿಂದ. ಇಂಡೊನೇಷ್ಯಾ 2020ರಲ್ಲಿ ನಿಕ್ಕಲ್ ಅದಿರಿನ ರಫ್ತು ನಿಲ್ಲಿಸಿ, ಕರಗಿಸುವ ಕಾರ್ಖಾನೆ ಇಲ್ಲೇ ಹಾಕಿ ಎಂದಿತು. ಕೆಲಸ, ಲಾಭ ಎರಡೂ ದೇಶದಲ್ಲಿ ಉಳಿಯಲಿ ಅನ್ನುವುದು ನ್ಯಾಯವೇ. ಆದರೆ ಆ ಕಾರ್ಖಾನೆಗಳಿಗೆ ವಿದ್ಯುತ್ ಬರುತ್ತಿರುವುದು ಹೆಚ್ಚಾಗಿ ಹೊಸ ಕಲ್ಲಿದ್ದಲು ಸ್ಥಾವರಗಳಿಂದ, ಅದರ ಹೊಗೆ ಕುಡಿಯುವವರು ಅಕ್ಕಪಕ್ಕದ ಹಳ್ಳಿಯವರು.

ಮಾತು ಮುಗಿದ ಮೇಲೆ ಸಭಿಕರು ಹಲವು ಪ್ರಶ್ನೆ ಕೇಳಿದರು. ಅವುಗಳಲ್ಲಿ ಎರಡಕ್ಕೆ ಕೊಟ್ಟ ಉತ್ತರವನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: ಹಾಗಾದರೆ ಬೆಳವಣಿಗೆ ಬೇಡವೇ? ಖಂಡಿತ ಬೇಕು. ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಸುಮಾರು 60 ಕೋಟಿ ಜನರಿಗೆ ಇವತ್ತಿಗೂ ವಿದ್ಯುತ್ ಇಲ್ಲ. ಜಗತ್ತಿನಲ್ಲಿ 200 ಕೋಟಿಗೂ ಹೆಚ್ಚು ಜನ ಸೌದೆ, ಬೆರಣಿ, ಇದ್ದಿಲು, ಸೀಮೆಎಣ್ಣೆಯಲ್ಲಿ ಅಡುಗೆ ಮಾಡುತ್ತಾರೆ. ಮನೆಯೊಳಗಿನ ಈ ಹೊಗೆಯಿಂದ 2020ರಲ್ಲಿ ಸುಮಾರು 32 ಲಕ್ಷ ಸಾವು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಇವರೆಲ್ಲರಿಗೂ ನಾಳೆಯೇ ಗ್ಯಾಸ್ ಒಲೆ ಕೊಟ್ಟರೂ ಭೂಮಿಯ ಬಿಸಿ ಹೆಚ್ಚುವುದು ತೀರಾ ಅಲ್ಪ. ಇವರ ಬೆಳವಣಿಗೆಯನ್ನು ಪರಿಸರಕ್ಕೆ ಎದುರು ನಿಲ್ಲಿಸಿ ಮಾತಾಡುವುದನ್ನು ನಾನು ಒಪ್ಪುವುದಿಲ್ಲ. ಯಾರ ಬೆಳವಣಿಗೆ ಅಂತ ಕೇಳದೆ ಬೇಕೋ ಬೇಡವೋ ಅಂತ ತೀರ್ಮಾನಿಸಲು ಬರುವುದಿಲ್ಲ.

ಇನ್ನೊಬ್ಬರ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ನಷ್ಟವಾಗುವವರನ್ನೆಲ್ಲ ಕೇಳುತ್ತ ಕೂತರೆ ಒಂದು ರಸ್ತೆಯೂ ಆಗುವುದಿಲ್ಲ, ಬಡದೇಶಕ್ಕೆ ಅಷ್ಟು ಪುರುಸೊತ್ತು ಎಲ್ಲಿದೆ ಎಂದರು. ನ್ಯಾಯವಾದ ಪ್ರಶ್ನೆ. ಒಬ್ಬೊಬ್ಬರಿಗೂ ಬೇಡ ಅನ್ನುವ ಪರಮಾಧಿಕಾರ ಕೊಡಿ ಅಂತ ನಾನು ಕೇಳುತ್ತಿಲ್ಲ. ಕೆಲಸ ಶುರುವಾಗುವ ಮೊದಲೇ ಅವರ ಭಾಷೆಯಲ್ಲಿ ಪೂರ್ತಿ ಮಾಹಿತಿ, ಚೌಕಾಶಿ ಮಾಡಲು ಸಮಯ, ಲಾಭದಲ್ಲಿ ಪಾಲು, ಮಾತು ತಪ್ಪಿದರೆ ಹೋಗಲು ಒಂದು ಕೋರ್ಟು. ಇಷ್ಟಿದ್ದರೆ ಬಹಳಷ್ಟು ಕಡೆ ಒಪ್ಪಂದ ಸಾಧ್ಯ. ಕೇಳದೆ ಹೋದರೆ ಸಮಯ ಉಳಿಯುತ್ತದೆ ಅನ್ನುವುದಕ್ಕೆ ಅನುಭವ ಎದುರಾಗಿ ನಿಂತಿದೆ. ಈಕ್ವಡಾರ್ 1996ರಲ್ಲಿ ಅಮೆಜಾನ್‌ನ ಸರಯಾಕು ಸಮುದಾಯದ ನೆಲದಲ್ಲಿ ತೈಲ ಹುಡುಕಲು ಅವರನ್ನು ಕೇಳದೆಯೇ ಒಂದು ಕಂಪನಿಗೆ ಒಪ್ಪಿಗೆ ಕೊಟ್ಟಿತು. ಕಂಪನಿ ಬಂದು ಕಾಡಿನಲ್ಲಿ 1,400 ಕಿಲೋಗೂ ಹೆಚ್ಚು ಸ್ಫೋಟಕ ಹೂತಿಟ್ಟಿತು, ಜನ ಗುಂಪು ಕಟ್ಟಿ ಗಡಿ ಕಾದರು, ಕೆಲಸ ನಿಂತಿತು. ಮೊಕದ್ದಮೆ ಅಂತರ-ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಗಿ 2012ರಲ್ಲಿ ತೀರ್ಪು ಸಮುದಾಯದ ಪರವಾಗಿ ಬಂತು. ಸ್ಫೋಟಕ ತೆಗೆಯಿರಿ, ಪರಿಹಾರ ಕೊಡಿ, ಇನ್ನು ಮುಂದೆ ಕೇಳಿಯೇ ಕಾಲಿಡಿ ಎಂದಿತು ನ್ಯಾಯಾಲಯ. ಒಪ್ಪಿಗೆಯಿಂದ ತೀರ್ಪಿನವರೆಗೆ 16 ವರ್ಷ ಹೋಯಿತು, ತೈಲವೂ ಬರಲಿಲ್ಲ. ಮೊದಲೇ ಕೂತು ಮಾತಾಡಿದ್ದರೆ ಎಷ್ಟು ತಿಂಗಳು ಹಿಡಿಯುತ್ತಿತ್ತು ಅಂತ ಪ್ರಶ್ನೆ ಕೇಳಿದವರನ್ನೇ ಕೇಳಿದೆ.